ಮೆಶ್ ಅಂದ್ರೆ ಸೊಳ್ಳೆ ಪರದೆ ಅಲ್ಲ

ಹಳ್ಳಿಗಳಲ್ಲಿ ದುಡಿಯುವ ಆರೋಗ್ಯ ಕಾರ್ಯಕರ್ತೆಯರಿಗೆ ಇನ್ನು ಯಾವ ಚಿಂತೆಯೂ ಇಲ್ಲ. ವೈದ್ಯಕೀಯ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಹುಡುಕುವುದು ಹೇಗೆ ಅಂತ ಅವರಿಗೆ ಎರಡು ದಿನದ ತರಬೇತಿ ಕೊಟ್ಟಾಗಿದೆ. ಮಾತ್ರೆ ಬಂದಿಲ್ಲ, ಬಿಪಿ ನೋಡುವ ಯಂತ್ರದ ಪಟ್ಟಿ ಹರಿದಿದೆ. ಅದೆಲ್ಲ ಸಣ್ಣ ವಿಷಯ. ಜ್ಞಾನ ಬಂತಲ್ಲ, ಸಾಕು.

ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಭಾಂಗಣದಲ್ಲಿ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ಇಂಟರ್ನೆಟ್‌ನ ಫೋಟೊ ತೋರಿಸಿದರು. ‘ಇಲ್ಲಿ ಒತ್ತಿದರೆ ಅದು ಬರುತ್ತೆ’ ಅಂತ ಒಂದು ಚಿತ್ರ, ‘ಬಂತು ನೋಡಿ’ ಅಂತ ಇನ್ನೊಂದು ಚಿತ್ರ. ಬಾವಿಯ ಫೋಟೊ ತೋರಿಸಿ ಈಜು ಕಲಿಸಿದ ಹಾಗೆ.

ಮೊದಲು ಪಬ್‌ಮೆಡ್, ಅಂದ್ರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ವೆಬ್‌ಸೈಟು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1997ರಲ್ಲಿ ಇದನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 3.5 ಕೋಟಿಗೂ ಜಾಸ್ತಿ ಬರಹಗಳ ವಿವರ ಅಲ್ಲಿದೆ. ವಿವರ ಮಾತ್ರ ಅನ್ನುವುದನ್ನು ತರಬೇತುದಾರರು ಸ್ವಲ್ಪ ಮೆಲ್ಲಗೆ ಹೇಳಿದರು. ಪೂರ್ತಿ ಲೇಖನ ಬೇಕಂದ್ರೆ ಎಷ್ಟೋ ಸಲ ಪ್ರಕಾಶಕರ ಬಾಗಿಲು ತಟ್ಟಬೇಕು. ಅವರು ಮೊದಲು ಕೇಳುವುದು ಕಾರ್ಡ್ ನಂಬರು.

‘ಮೆಶ್ ಗೊತ್ತಾ?’ ಅಂತ ಕೇಳಿದರು. ಎಲ್ಲರೂ ತಲೆಯಾಡಿಸಿದರು. ‘ಕಿಟಕಿಗೆ ಹೊಡೀತಾರಲ್ಲ ಸರ್, ಸೊಳ್ಳೆ ಬರದ ಹಾಗೆ.’ ಅಲ್ಲವಂತೆ. ಅದು ಲೇಖನಗಳನ್ನು ವಿಷಯದ ಪ್ರಕಾರ ಗುರುತಿಸಿ ಹುಡುಕಲು ಆ ಗ್ರಂಥಾಲಯ ಇಟ್ಟುಕೊಂಡಿರುವ, 1960ರಿಂದ ಬೆಳೆದು ಬಂದ ಪದಪಟ್ಟಿ. ನಾವು ಹಾರ್ಟ್ ಅಟ್ಯಾಕ್ ಅನ್ನುವುದಕ್ಕೆ ಅಲ್ಲಿ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅಂತ ಹೆಸರು. ಅದರ ಸ್ಪೆಲಿಂಗ್ ಬಾಯಿಪಾಠ ಮಾಡಿಸುವುದರಲ್ಲೇ ಒಂದು ಗಂಟೆ ಹೋಯಿತು. ಸಾದಾ ಮಾತಿನಲ್ಲಿ ಟೈಪ್ ಮಾಡಿದರೂ ಪಬ್‌ಮೆಡ್ ತಾನೇ ಎಷ್ಟೋ ಪದಗಳನ್ನು ಬದಲಾಯಿಸಿಕೊಳ್ಳುತ್ತದೆ. ಆದರೆ ಅದನ್ನು ಹೇಳಿಬಿಟ್ಟರೆ ಎರಡನೇ ದಿನ ಏನು ಮಾಡೋದು?

ಆಮೇಲೆ ಹುಡುಕುವ ಪದಗಳನ್ನು ಜೋಡಿಸುವ, ಬೇಡದ್ದನ್ನು ಬಿಡಿಸುವ ಆ್ಯಂಡ್, ಆರ್, ನಾಟ್. ಮೂರನ್ನೂ ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಬೇಕು. ನನ್ನ ಪಕ್ಕದಲ್ಲಿ ಕೂತಿದ್ದಾಕೆ ಅದನ್ನು ನೋಟ್‌ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ಅದರ ಕೆಳಗೇ ಆ ವಾರ ಲಸಿಕೆ ಹಾಕಿಸಬೇಕಾದ ಹನ್ನೊಂದು ಮಕ್ಕಳ ಹೆಸರಿತ್ತು. ಎರಡು ಹೆಸರಿಗೆ ಸುತ್ತು ಹಾಕಿ ‘ಮನೆ ಬಾಗಿಲು ಹಾಕಿತ್ತು, ಮತ್ತೆ ಹೋಗಬೇಕು’ ಅಂತ ಬರೆದಿದ್ದರು. ತರಬೇತಿಯ ಎರಡು ದಿನ ಹೋಗಲಾಗಲಿಲ್ಲ, ಬಿಡಿ.

ಹಿನಾರಿ ಅಂತ ಇನ್ನೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾಶಕರ ಜೊತೆ ಸೇರಿ 2002ರಲ್ಲಿ ಶುರು ಮಾಡಿದ್ದು. ಬಡ ದೇಶಗಳ ಸಂಸ್ಥೆಗಳಿಗೆ ಪುಕ್ಕಟೆಯಾಗಿ ಇಲ್ಲವೇ ಕಡಿಮೆ ದರದಲ್ಲಿ ಪತ್ರಿಕೆಗಳು ಓದಲು ಸಿಗುತ್ತವೆ. ಒಳ್ಳೆಯ ಕೆಲಸವೇ. ಆದರೆ ನೋಂದಣಿ ಸಂಸ್ಥೆಗೆ, ವ್ಯಕ್ತಿಗಲ್ಲ. ‘ಪಾಸ್‌ವರ್ಡ್ ನಿಮ್ಮ ಲೈಬ್ರರಿಯನ್ ಹತ್ತಿರ ಕೇಳಿ’ ಅಂದರು. ಒಂದು ಬೀರು, ಒಂದು ಬೆಂಚು ಇರುವ ಆರೋಗ್ಯ ಕೇಂದ್ರದಲ್ಲಿ ಲೈಬ್ರರಿಯನ್ ಬೀರುವಿನೊಳಗೆ ಇರ್ತಾರಾ, ಬೆಂಚಿನ ಕೆಳಗಾ?

ನಿಜಕ್ಕೂ ಉಪಯೋಗದ ಪಾಠವೂ ಒಂದಿತ್ತು. ಒಂದು ಪುಟವನ್ನು ಬರೆದವರು ಯಾರು, ಯಾವಾಗ ಬರೆದದ್ದು, ಮಾಹಿತಿಯ ಹೆಸರಿನಲ್ಲಿ ಏನಾದ್ರೂ ಮಾರುತ್ತಿದ್ದಾರಾ ಅಂತ ನೋಡುವುದು. ಫೋನಿನಲ್ಲಿ ದಿನಾ ಹರಿದು ಬರುವ ಮನೆಮದ್ದಿನ ಮೆಸೇಜುಗಳ ನಡುವೆ ಬೇಕಾದದ್ದು ಅದೇ. ಊಟದ ಹೊತ್ತಾಯ್ತು ಅಂತ ಅದನ್ನು ಐದು ನಿಮಿಷದಲ್ಲಿ ಮುಗಿಸಿದರು. ಕೊನೆಗೆ ಪರೀಕ್ಷೆ ನಡೆಯಿತು, ಎಲ್ಲರೂ ಪಾಸಾದರು, ಗ್ರೂಪ್ ಫೋಟೊ ಆಯಿತು.

ಇದಾಗಿ ಕೆಲವೇ ದಿನಕ್ಕೆ, ನನ್ನ ಪಕ್ಕದಲ್ಲಿ ಕೂತಿದ್ದಾಕೆಯ ಮನೆಗೆ ರಾತ್ರಿ ಹತ್ತರ ಮೇಲೆ ಜನ ಓಡಿ ಬಂದರು. ಒಬ್ಬನ ಕಾಲಿಗೆ ಹಾವು ಕಚ್ಚಿತ್ತು. ಹೊಸ ವಿದ್ಯೆ ಪ್ರಯೋಗಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಾ? ಸಿಗ್ನಲ್ ಸಿಗುವ ದಿಬ್ಬ ಹತ್ತಬೇಕಿತ್ತು, ಸ್ನೇಕ್ ಬೈಟ್ಸ್, ಆ್ಯಂಡ್, ಫಸ್ಟ್ ಏಡ್ ಅಂತ ಹೊಡೆಯಬೇಕಿತ್ತು, ಬಂದ ಸಾರಾಂಶಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಬೇಕಿತ್ತು.

ಆಕೆ ಇದ್ಯಾವುದನ್ನೂ ಮಾಡಲಿಲ್ಲ. ಕಾಲು ಅಲುಗಾಡದ ಹಾಗೆ ಕೋಲು ಕೊಟ್ಟು ಕಟ್ಟಿದರು. ಬ್ಲೇಡು ಹಿಡಿದು ಬಂದವನನ್ನೂ ಹಗ್ಗ ಬಿಗಿಯಲು ಬಂದವನನ್ನೂ ಗದರಿಸಿ ಆಚೆ ಕಳಿಸಿದರು. ಗಾಡಿ ಹೊಂದಿಸಿ, ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ತಾವೇ ಜೊತೆಗೆ ಹೋದರು. ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ನರ್ಸಮ್ಮ ಒಬ್ಬರು ಹೇಳಿಕೊಟ್ಟರಂತೆ.

ತಿಂಗಳ ಕೊನೆಗೆ ವರದಿಯ ನಮೂನೆ ಬಂತು. ಆನ್‌ಲೈನ್ ಹುಡುಕಾಟಗಳ ಸಂಖ್ಯೆ: ಸೊನ್ನೆ. ಬಳಸಿದ ಮೆಶ್ ಪದಗಳು: ಇಲ್ಲ. ಆ ಮನುಷ್ಯ ಬದುಕಿದ ಅಂತ ಬರೆಯಲು ಕಾಲಂ ಇರಲಿಲ್ಲ. ಮೇಲಿನಿಂದ ಒಂದೇ ಸಾಲಿನ ಷರಾ ಬಂದಿದೆ: ‘ಇವರಿಗೆ ಮರುತರಬೇತಿ ಅಗತ್ಯ.’