ಹೋಗಿಬಂದ ಮೇಲೂ

ಹೋದ ತಿಂಗಳು ಒಂದು ಮದುವೆ ಊಟ ಉಂಡು ಬಂದವನಿಗೆ ಎರಡು ದಿನ ಕಕ್ಕಸಿನಲ್ಲೇ ವಾಸ. ತಮಾಷೆ ಏನೆಂದರೆ, ಎರಡನೇ ದಿನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಕೈಕಾಲು ತೊಳೆದು ಹೊರಗೆ ಬರುವಷ್ಟರಲ್ಲಿ ‘ಇನ್ನೂ ಇದೆ’ ಅನ್ನಿಸುತ್ತಿತ್ತು. ಮತ್ತೆ ಒಳಗೆ. ಕೂತು, ತಿಣುಕಿ, ಬರಿಗೈಯಲ್ಲಿ ವಾಪಸ್. “ಅಲ್ಲೇ ಹಾಸಿಗೆ ಹಾಸಿಕೊಡ್ಲೇನೋ?” ಅಂತ ಅಮ್ಮ ಬಾಗಿಲು ಬಡಿದಳು.

ಡಾಕ್ಟರು ಎಲ್ಲ ಕೇಳಿ ಚೀಟಿಯಲ್ಲಿ ಒಂದು ಪದ ಗೀಚಿದರು. ಟೆನೆಸ್ಮಸ್. ಯಾವುದೋ ಗ್ರೀಕ್ ದೇವರಿರಬೇಕು ಅಂದುಕೊಂಡೆ. ಗ್ರೀಕ್ ಅನ್ನುವುದು ನಿಜ, ದೇವರಲ್ಲ. ಎಳೆ, ಬಿಗಿ ಅನ್ನುವ ಅರ್ಥದ ಮೂಲದಿಂದ ಬಂದ ಪದ. ಟೆಟನಸ್ ಇದರ ದಾಯಾದಿ. ಇದು ಕಾಯಿಲೆಯಲ್ಲ, ಲಕ್ಷಣ. ಗುದನಾಳದ ಒಳಪದರ ಕೆರಳಿ ಊದಿಕೊಂಡಾಗ, ಒಳಗೆ ಖಾಲಿಯಿದ್ದರೂ ಅಲ್ಲಿನ ನರಗಳು ‘ತುಂಬಿದೆ’ ಅಂತ ಸುಳ್ಳು ಸುದ್ದಿ ಕಳಿಸುತ್ತವಂತೆ. ಮೂತ್ರಕೋಶಕ್ಕೂ ಇಂಥದೇ ಭ್ರಮೆ ಹಿಡಿಯುವುದುಂಟು. ಬಹಳ ದಿನ ಬಿಡದಿದ್ದರೆ, ರಕ್ತ ಕಂಡರೆ, ನಾಚಿಕೆ ಬಿಟ್ಟು ತೋರಿಸಿಕೊಳ್ಳಬೇಕು ಅಂದರು.

“ಆಮಶಂಕೆಯಲ್ಲಿ ಇದು ಜಾಸ್ತಿ” ಅಂತ ಅವರು ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಶಂಕೆ! ಪಂಡಿತರು ಈ ಪದವನ್ನು ಹೇಗೆ ಬಿಡಿಸುತ್ತಾರೋ ಬಿಡಲಿ, ನನ್ನ ಕಷ್ಟಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಗ್ರೀಕರು ಹಿಡಿದದ್ದು ಬಿಗಿತವನ್ನು ಮಾತ್ರ. ಇದೆಯೋ ಇಲ್ಲವೋ ಅನ್ನುವ ಅನುಮಾನವೇ ಅಲ್ವಾ ಮನುಷ್ಯನನ್ನು ಸುಸ್ತು ಮಾಡುವುದು?

ಬಿಗಿತಕ್ಕೂ ನಮ್ಮಲ್ಲಿ ಪದವಿದೆ: ತಿಣುಕು. ಹೇಳುವಾಗಲೇ ಹೊಟ್ಟೆ ಒಳಕ್ಕೆ ಹೋಗುತ್ತದೆ. ಇದೇನು ಕೀಳು ಮಾತಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ‘ತಿಣಿಕಿದನು ಫಣಿರಾಯ’ ಅಂತ ಕುಮಾರವ್ಯಾಸನೇ ಹೇಳಿದ್ದಾನೆ. ಭೂಮಿ ಹೊತ್ತ ಆದಿಶೇಷನೇ ತಿಣುಕಿದ ಮೇಲೆ ನಮ್ಮದೇನು? ಈಗಿನ ಪೇಪರುಗಳಲ್ಲಂತೂ ಬ್ಯಾಟರುಗಳು ರನ್ನಿಗೆ ತಿಣುಕಾಡುತ್ತಾರೆ, ಸರ್ಕಾರ ಸಾಲ ತೀರಿಸಲು ತಿಣುಕಾಡುತ್ತದೆ. ಮೊದಲು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಆ ಸಾಲು ಕಂಡರೆ ಇಡೀ ಸಂಪುಟವೇ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತದೆ.

ಮಾತ್ರೆ ಜೊತೆಗೆ ಅಮ್ಮನ ಮೆಂತ್ಯ ಹಾಕಿದ ಮಜ್ಜಿಗೆಯೂ ಹೊಟ್ಟೆಗೆ ಬಿತ್ತು.

“ವಾಸಿ ಆಯ್ತೇನೋ?” ಅಂದಳು ಸಂಜೆ.

“ಆಯ್ತು” ಅಂದೆ. ಒಂದು ನಿಮಿಷ ಕೂತೆ. ಆಮೇಲೆ, ಯಾವುದಕ್ಕೂ ಇರಲಿ ಅಂತ, ಎದ್ದೆ.