ಒಂದು ಕಿಲೋ ಸುಣ್ಣದ ಲೆಕ್ಕ

"ಅವನಿಗೆ ಎಲ್ಲಾ ಗೊತ್ತು, ಬಹಳ ಬುದ್ಧಿವಂತ" ಅಂತ ಒಂದೇ ಉಸಿರಿಗೆ ಹೇಳಿಬಿಡ್ತೇವೆ. ಗೊತ್ತಿರೋದು ಬೇರೆ, ಬುದ್ಧಿ ಬೇರೆ. ಇದನ್ನು ನೋಡಬೇಕಾದರೆ ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದಲ್ಲಿ, ಕಾಯಿಯ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ತಯಾರಾಗುವ ಡ್ರಮ್ಮಿನ ಹತ್ತಿರ ನಿಲ್ಲಬೇಕು.

1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮಲೆನಾಡು, ಕರಾವಳಿಯಲ್ಲಿ ಇದು ಎಲ್ಲರಿಗೂ ಬಾಯಿಪಾಠ. ಇದು ತಿಳಿವಳಿಕೆ. ಸುಣ್ಣ 1 ಕಿಲೋನೇ ಯಾಕೆ ಎಂದು ಕೇಳುವಲ್ಲಿ ಬುದ್ಧಿಯ ಕೆಲಸ ಶುರು. ಅಪ್ಪಟ ಸುಟ್ಟ ಸುಣ್ಣವಾದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಸುಮಾರು ಕಾಲು ಕಿಲೋ ಸಾಕು! ಕೈಗೆ ಸಿಗುವ ಸುಣ್ಣ ಅಷ್ಟು ಅಪ್ಪಟ ಇರುವುದಿಲ್ಲ, ಅದಕ್ಕೇ 1 ಕಿಲೋ. ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಗಾಳಿ ಕುಡಿದು ಸತ್ವ ಕಳೆದುಕೊಂಡಿರುತ್ತದೆ. ತಕ್ಕಡಿಯಲ್ಲಿ ಮಾತ್ರ ಅದೂ 1 ಕಿಲೋನೇ ತೂಗುತ್ತದೆ.

ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಎಳೆ ಕಾಯಿಯನ್ನು ಸುಡುತ್ತದೆ. ಹೆಚ್ಚಾದರೆ ನಾಝಲ್ ಕಟ್ಟುತ್ತದೆ, ತಾಮ್ರ ಕೆಲಸಕ್ಕೆ ಬರುವುದೂ ತಡ. ಹಾಗಾಗಿ ಪ್ರತಿ ಡ್ರಮ್ಮಿಗೂ ಪರೀಕ್ಷೆ ಬೇಕು. ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣದ ತಿಳಿ ಸ್ವಲ್ಪ ಸೇರಿಸಿ ಮತ್ತೆ ಅದ್ದಿ. ಕತ್ತಿ ಹೇಳುವುದು ಸುಣ್ಣ ಕಮ್ಮಿ ಇದ್ದರೆ ಮಾತ್ರ. ಹೆಚ್ಚಾಗಿದ್ದನ್ನು ತಿಳಿಯಲು ಲಿಟ್ಮಸ್ ಅಥವಾ ಪಿಎಚ್ ಕಾಗದ ಬೇಕು. ತಾಮ್ರ ಕಬ್ಬಿಣಕ್ಕೆ ಅಂಟುವುದರಿಂದಲೇ ತಗಡಿನ ಡ್ರಮ್ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ.

ಹಾಗಂತ ಬರೀ ಬುದ್ಧಿಯನ್ನು ನಂಬಿದರೂ ಕೆಲಸ ಕೆಡುತ್ತದೆ. ಕಡಿಮೆ ನೀರಲ್ಲಿ ಎರಡನ್ನೂ ಗಟ್ಟಿಯಾಗಿ ಕಲಸಿ ಆಮೇಲೆ ನೀರು ಹೊಯ್ದರಾಯಿತು ಎಂಬುದು ತರ್ಕಕ್ಕೆ ಸರಿಯಾಗಿ ಕಾಣುತ್ತದೆ. ಆದರೆ ಆಗ ಕಣ ದಪ್ಪವಾಗಿ ತಳ ಸೇರುತ್ತದೆ. ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣ ಸೋಸಿ, ಕೈಬಿಡದೆ ತಿರುಗಿಸುತ್ತಾ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಹಾಕಿದರೆ ಬೇಗ ಕರಗುತ್ತದೆ, ಕರಗಿದ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಅಂದು ಮಾಡಿದ್ದು ಅಂದೇ ಮುಗಿಯಬೇಕು, ಮಾರನೇ ದಿನಕ್ಕೆ ಅಂಟುವ ಗುಣ ಹೋಗಿರುತ್ತದೆ.

"ರೋಗ ಕಾಣಲಿ, ಹೊಡೆಯೋಣ" ಎನ್ನುವವರ ತರ್ಕವೂ ಕೇಳಲು ಚೆಂದ. ಬೋರ್ಡೋ ಕಾಯಿಯ ಮೇಲಿನ ಕಾವಲು ಅಷ್ಟೇ, ಒಳಹೊಕ್ಕ ಕೊಳೆಯನ್ನು ಅದು ವಾಸಿ ಮಾಡದು. ಇದನ್ನು ಯಾವ ಚುರುಕು ತಲೆಯೂ ಕೂತಲ್ಲೇ ಊಹಿಸಲಾರದು, ತಿಳಿದವರಿಂದಲೇ ತಿಳಿಯಬೇಕು.

ತಿಳಿವಳಿಕೆ, ಬುದ್ಧಿ ಎರಡೂ ಸೇರಿದಾಗ ಏನಾಗುತ್ತದೆ ಅನ್ನುವುದಕ್ಕೆ ಈ ದ್ರಾವಣದ ಹುಟ್ಟೇ ಸಾಕ್ಷಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಕದ್ದು ಕೀಳುವವರನ್ನು ಹೆದರಿಸಲು ದಾರಿಬದಿಯ ಬಳ್ಳಿಗೆ ತುತ್ತ, ಸುಣ್ಣ ಎರಚುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದ್ದು, ಉಳಿದ ಬಳ್ಳಿಗಳ ಎಲೆ ರೋಗಕ್ಕೆ ಉದುರಿದ್ದರೂ ಆ ಸಾಲಿನ ಎಲೆ ಹಸಿರಾಗಿಯೇ ಇತ್ತು. ಎರಚುವವರಿಗೆ ಮಿಶ್ರಣ ಗೊತ್ತಿತ್ತು, ಅದು ರೋಗ ತಡೆಯುತ್ತದೆ ಎಂದು ಕಂಡುಕೊಂಡದ್ದು ಮಿಲಾರ್ಡೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಬರೆದರು, ಅದೇ ದ್ರಾವಣವನ್ನು ನಮ್ಮ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ತಂದರು.

ವಾಟ್ಸಾಪಿನಲ್ಲಿ ಪ್ರಮಾಣ ಕಳಿಸುವವರಲ್ಲಿ ನನ್ನ ಬೇಡಿಕೆ ಒಂದೇ, ಅಂಕಿಯ ಜೊತೆ ಕಾರಣವನ್ನೂ ಬರೆಯಿರಿ. ಎರಡನೇ ಸಲ ಹೊಡೆಯುವುದು 40-45 ದಿನಕ್ಕೆ ಎಂದಷ್ಟೇ ಗೊತ್ತಿರುವವರು, ಆ ದಿನ ಜಡಿಮಳೆ ಹಿಡಿದರೆ ಕೈಕಟ್ಟಿ ಕೂರುತ್ತಾರೆ. ಮಳೆಗೆ ಆ ಕಾವಲು ಸವೆಯುತ್ತದೆ ಎಂಬ ಕಾರಣ ಗೊತ್ತಿದ್ದವರು 35ನೇ ದಿನ ಮಳೆ ಹೊಳ ಬಿಟ್ಟರೂ ಕೊನೆ ಒಣಗಿದ್ದು ನೋಡಿ ಹೊಡೆದು ಮುಗಿಸುತ್ತಾರೆ. ಉದುರಿದ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಮಚ್ಚೆ ಕಂಡರಂತೂ ಮೊದಲು ಆ ಕಾಯಿಗಳನ್ನೆಲ್ಲ ಹೆಕ್ಕಿ ತೋಟದಿಂದ ಆಚೆ ಸಾಗಿಸುತ್ತಾರೆ.