ಬನಿಯನ್ ಹಿಂದಿನ ಬೆಟ್ಟ

ಶಾಂತಿಪಾಲನೆಗೆ ಹೋದವನಿಗೆ ಶತ್ರುಗಳು ಇರಬಾರದು. ನನಗೆ ಒಬ್ಬ ಇದ್ದ. ಇಬ್ಬನಿ.

ದಕ್ಷಿಣ ಲೆಬನಾನಿನಲ್ಲಿ ವಿಶ್ವಸಂಸ್ಥೆಯ ಪಡೆ ಇರುವುದು 1978ರಿಂದ. ನಮ್ಮ ಭಾರತದ ಬೆಟಾಲಿಯನ್ ಅಲ್ಲಿಗೆ ಮೊದಲು ಹೋಗಿದ್ದು 1998ರಲ್ಲಿ. ಮರ್ಜಾಯೂನ್ ಹತ್ತಿರ ಕ್ಯಾಂಪು. ಆಮೇಲೆ ನನ್ನ ಸರದಿ ಬಂದು ನಾನು ಇಳಿದಾಗ ಬೇಸಿಗೆ. ಅಲ್ಲಿ ಬೇಸಿಗೆಯಲ್ಲಿ ಮಳೆ ಅನ್ನೋದೇ ಅಪರೂಪ. ಚಿಕ್ಕಮಗಳೂರಿನ ಮಳೆಯಲ್ಲಿ ವಾರವಾದರೂ ಒಣಗದ ಚಡ್ಡಿ ಹಾಕಿಕೊಂಡು ಬೆಳೆದವನಿಗೆ ಸ್ವರ್ಗ ಅಲ್ವಾ? ರಾತ್ರಿ ಬನಿಯನ್ ಒಗೆದು, ತಂತಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ, ಹಿಂಡಿ ಹಾಕಿದ್ದ ಬನಿಯನ್ ತೊಟ್ಟಿಕ್ಕುತ್ತಿದೆ!

ಅದನ್ನೇ ಹಾಕಿಕೊಂಡು ಫಾಲಿನ್‌ಗೆ ಸಾಲಿನಲ್ಲಿ ನಿಂತೆ. ಎದೆ ಉಬ್ಬಿಸಿದಷ್ಟೂ ಚಳಿ. ಸಾವಧಾನ್‌ನಲ್ಲೇ ಮೂರು ಸೀನು. ಮೂರನೆಯದಕ್ಕೆ ನೀಲಿ ಟೋಪಿ ಹಾರಿ ಮುಂದಿನವನ ಬೂಟಿನ ಹತ್ತಿರ ಬಿತ್ತು.

ಎರಡು ತಿಂಗಳು ಹೀಗೇ ನಡೆಯಿತು. ಪೂರ್ವಕ್ಕೆ ಒಂದು ಬೋಳು ಬೆಟ್ಟ. ಈ ದರಿದ್ರ ಇಬ್ಬನಿ ಅಲ್ಲಿಂದಲೇ ಬರುತ್ತೆ ಅಂತ ನನ್ನ ಗುಮಾನಿ. ದಿನಾ ಬೆಳಿಗ್ಗೆ ಅದಕ್ಕೆ ಅಚ್ಚ ಕನ್ನಡದಲ್ಲಿ ಪೂಜೆ.

ಒಂದು ದಿನ ತಂತಿಯ ಪಕ್ಕ ನಿಂತು ಫೋಟೋ ತೆಗೆಸಿ ಹೆಂಡತಿಗೆ ಕಳಿಸಿದೆ. ಅವಳು ಪಕ್ಕದ ಮನೆ ಟೀಚರಿಗೆ ತೋರಿಸಿದಳು. ನನಗೆ ಭೂಗೋಳ ಕಲಿಸಿದವರು, ಅಂದರೆ ಪ್ರಯತ್ನಪಟ್ಟವರು. ಭಾನುವಾರ ಚರ್ಚು ತಪ್ಪಿಸದವರು. 'ಹಿಂದಿನ ಬೆಟ್ಟದ ಹೆಸರೇನೋ?' ಅಂತ ಅವರ ಪ್ರಶ್ನೆ ಬಂತು. 'ಊರಿನವರು ಜಬಲ್ ಅಲ್ ಶೇಖ್ ಅಂತಾರೆ ಟೀಚರ್' ಅಂದೆ.

ಫೋನ್ ಕಿರುಚಿತು. 'ಲೋ ದಡ್ಡಾ, ಅದು ಹೆರ್ಮೋನ್ ಪರ್ವತ ಕಣೋ! ಆ ಬನಿಯನ್ ಪಕ್ಕಕ್ಕೆ ಸರಿಸಿ ಇನ್ನೊಂದು ಫೋಟೋ ಕಳಿಸು!'

ಆಮೇಲೆ ಪಾಠ. 2,814 ಮೀಟರ್. ನಮ್ಮ ಮುಳ್ಳಯ್ಯನಗಿರಿ ಬರೀ 1,930. ಹಳೇ ಕಾಲದ ಅಲ್ಲಿನ ಜನರಲ್ಲಿ ಚೀದೋನ್ಯರು ಅದನ್ನು ಸಿರ್ಯೋನ್ ಅನ್ನುತ್ತಿದ್ದರು, ಅಮೋರಿಯರು ಸೆನೀರ್ ಅನ್ನುತ್ತಿದ್ದರು ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆಯಂತೆ. ನಾನಿಟ್ಟ ಹೆಸರು ಹೇಳಲಿಲ್ಲ. (ಅದರ ತುದಿಯಲ್ಲಿ, ಸಿರಿಯಾ ಕಡೆ, ವಿಶ್ವಸಂಸ್ಥೆಯದೇ ಇನ್ನೊಂದು ಪಡೆಯ ಠಾಣೆ ಇದೆ. ಹೆಸರು ಹೆರ್ಮೋನ್ ಹೋಟೆಲ್. ಇಡ್ಲಿ ಸಿಗಲ್ಲ.)

ಕೊನೆಗೆ ಟೀಚರ್ 133ನೇ ಕೀರ್ತನೆ ಓದಿದರು. ಅಣ್ಣತಮ್ಮಂದಿರು ಒಟ್ಟಾಗಿ ಬಾಳುವುದು ಹೆರ್ಮೋನಿನ ಇಬ್ಬನಿ ಇದ್ದ ಹಾಗಂತೆ. ಒಂದೇ ತಂತಿಗಾಗಿ ದಿನಾ ಕಿತ್ತಾಡುತ್ತಿದ್ದ ಹನ್ನೆರಡು ಜನ ನಾವು. ಕೇಳಿ ಕೆಮ್ಮಿದೆ. ನೆಗಡಿ ಇನ್ನೂ ಹೋಗಿರಲಿಲ್ಲ.

'ಬರುವಾಗ ಆ ಇಬ್ಬನಿ ಒಂದು ಸಣ್ಣ ಬಾಟಲಿ ತಗೊಂಡು ಬಾ ಮಗಾ.'

ಬೇಡದಿದ್ದಾಗ ಸುರಿಯುತ್ತಿದ್ದ ಇಬ್ಬನಿ ಬೇಕು ಅಂದಾಗ ಸತಾಯಿಸಿತು. ರಾತ್ರಿ ಸ್ಟೀಲ್ ತಟ್ಟೆ ಇಟ್ಟೆ. ಬೆಳಿಗ್ಗೆ ಒಂದು ಚಮಚ ನೀರು, ಎರಡು ಇರುವೆ. ಜೀಪಿನ ಬಾನೆಟ್ ಒರೆಸಿದೆ, ಕಪ್ಪು ನೀರು. ಹೊರಡುವ ದಿನ ಹತ್ತಿರ ಬಂತು. ಕ್ಯಾಂಪಿನಲ್ಲಿ ಇಬ್ಬನಿಯನ್ನು ಸರಿಯಾಗಿ ಹಿಡಿಯುವ ವಸ್ತು ಒಂದೇ ಅಂತ ನನಗೆ ಮೊದಲಿಂದ ಗೊತ್ತಿತ್ತಲ್ಲ. ಚೆನ್ನಾಗಿ ಒಗೆದು ಹಾಕಿದೆ. ಬೆಳಿಗ್ಗೆ ಹಿಂಡಿದೆ. ಬಾಟಲಿ ತುಂಬಿತು.

ಟೀಚರ್ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬೆಳಕಿಗೆ ಎತ್ತಿ ಮೆಲ್ಲಗೆ ಅಲುಗಾಡಿಸಿದರು.

'ಅಲ್ವೋ, ಇದರಲ್ಲಿ ನೊರೆ ಬರ್ತಿದೆಯಲ್ಲೋ?'